ಬೂಸ್ಟ್ ಕಿಟ್ ರಿವ್ಯೂ: ಹಳೇ ಚಕ್ರ, ಹೊಸ ಫ್ರೇಮು, ನಡುವೆ 6 ಎಂಎಂ ಗ್ಯಾಪು

ಬೂಸ್ಟ್ ಕಿಟ್ ಅಂದರೆ ಹಳೇ ಅಳತೆಯ ಸೈಕಲ್ ಚಕ್ರವನ್ನು ಬೂಸ್ಟ್ ಅನ್ನೋ ಹೊಸ, ಅಗಲ ಅಳತೆಯ ಫ್ರೇಮಿಗೆ ಕೂರಿಸುವ ಬಿಡಿಭಾಗಗಳು. ಮೊದಲೇ ಹೇಳಿಬಿಡುತ್ತೇನೆ, ನಾನು ಕೊಂಡಿದ್ದು ಒಂದಲ್ಲ, ಎರಡು ಕಿಟ್. ಮೊದಲನೆಯದಕ್ಕೆ 1,800 ರೂಪಾಯಿ. ಎರಡನೆಯದಕ್ಕೆ ಅದರ ಎರಡೂವರೆ ಪಟ್ಟು. ಮೊದಲನೇ ಕಿಟ್ಟಿನಲ್ಲಿ ಅರ್ಧ ಇನ್ನೂ ಸೈಕಲ್ಲಿನಲ್ಲಿದೆ, ಇನ್ನರ್ಧ ಟೂಲ್ ಡಬ್ಬಿ ಸೇರಿದೆ. ಯಾಕೆ ಹಾಗಾಯಿತು ಅಂತ ಹೇಳಿದರೆ ಇದೇ ಯೋಚನೆಯಲ್ಲಿರುವ ನಿಮಗೆ ಒಂದಷ್ಟು ದುಡ್ಡು, ಅದಕ್ಕಿಂತ ಜಾಸ್ತಿ ಒಂದಷ್ಟು ಭಾನುವಾರ ಉಳಿಯಬಹುದು.

ಹಳೇ 29 ಇಂಚಿನ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಶನ್ ಇಲ್ಲದ) ಫ್ರೇಮು ಸೀಟಿನ ಪೈಪ್ ಹತ್ತಿರ ವೆಲ್ಡಿಂಗ್ ಬಿಟ್ಟಿತು. ಹತ್ತು ವರ್ಷ ಓಡಿಸಿದ್ದೆ, ಬೇಜಾರಿಲ್ಲ. ಆದರೆ ಚಕ್ರಗಳು ಚೆನ್ನಾಗಿದ್ದವು. ಎರಡೂ ಚಕ್ರದ ನಡುವೆ ಡಿಟಿ ಸ್ವಿಸ್ 350 ಹಬ್ (ಆಕ್ಸಲ್ ಹಾದುಹೋಗುವ, ಕಡ್ಡಿ ಸಿಕ್ಕಿಸುವ ಭಾಗ), ತಲಾ 32 ಕಡ್ಡಿ, ಒಂದು ಬೇರಿಂಗೂ ಸದ್ದು ಮಾಡುತ್ತಿರಲಿಲ್ಲ. ಅವನ್ನು ಬಿಸಾಕಲು ಮನಸ್ಸು ಬರಲಿಲ್ಲ. ಫ್ರೇಮು ಮತ್ತು ಮುಂದಿನ ಚಕ್ರ ಹಿಡಿಯುವ ಫೋರ್ಕು ಮಾತ್ರ ಹೊಸದು ತಗೊಂಡು ಉಳಿದದ್ದೆಲ್ಲ ಹಳೆಯದನ್ನೇ ಹಾಕಿದರಾಯಿತು ಅಂದುಕೊಂಡೆ. ಹೊಸ ಫ್ರೇಮು ಮನೆಗೆ ಬಂದ ಸಂಜೆಯೇ ಹಿಂದಿನ ಚಕ್ರ ಇಟ್ಟು ನೋಡಿದೆ. ಕೂರಲಿಲ್ಲ, ನೇತಾಡಿತು. ಒಂದು ಕಡೆ ಒತ್ತಿ ಹಿಡಿದರೆ ಇನ್ನೊಂದು ಕಡೆ ಕಿರುಬೆರಳ ತುದಿ ತೂರುವಷ್ಟು ಜಾಗ. ಅಳೆದೆ, ಸರಿಯಾಗಿ 6 ಎಂಎಂ.

ಈ 6 ಎಂಎಂ ಕಥೆ ಗೊತ್ತಿದ್ದವರು ಮುಂದಿನ ಪ್ಯಾರಾ ಬಿಡಬಹುದು.

ಹಳೇ ಕಾಲದ ಮೌಂಟನ್ ಬೈಕಿನಲ್ಲಿ ಹಿಂದಿನ ಹಬ್ 135 ಎಂಎಂ ಅಗಲ, ಲಿವರ್ ಎಳೆದು ಬಿಚ್ಚುವ ಕ್ವಿಕ್ ರಿಲೀಸ್. ಆಮೇಲೆ ಹಬ್ಬಿನೊಳಗೆ ತೂರಿಹೋಗುವ 12 ಎಂಎಂ ದಪ್ಪದ ಥ್ರೂ ಆಕ್ಸಲ್ ಬಂತು, ಅಗಲ 142 ಆಯಿತು. ಆದರೆ ಇದರಲ್ಲಿ ಹಬ್ಬಿನ ಮೈ ಬದಲಾಗಲಿಲ್ಲ. ಎರಡೂ ತುದಿಯಲ್ಲಿ ಮೂರೂವರೆ ಎಂಎಂ ಜಾಸ್ತಿಯಾಗಿ ಆ ಭಾಗ ಫ್ರೇಮಿನ ಗುಳಿಯೊಳಗೆ ಹೋಗಿ ಕೂರುತ್ತದೆ, ಅಷ್ಟೇ. ಹಾಗಾಗಿ ಒಳ್ಳೆ ಹಬ್ಬುಗಳಲ್ಲಿ ಎಂಡ್ ಕ್ಯಾಪ್ (ಹಬ್ಬಿನ ತುದಿಯ ಟೋಪಿ) ಬದಲಿಸಿದರೆ 135 ಹೋಗಿ 142 ಆಗುತ್ತಿತ್ತು. 2014ರಲ್ಲಿ ಟ್ರೆಕ್ ಸೈಕಲ್ ಕಂಪನಿ, ಬಿಡಿಭಾಗ ಮಾಡುವ ಸ್ರಾಮ್ ಜೊತೆ ಸೇರಿ ಬೂಸ್ಟ್ ಅಂತ ತಂದಿತು. ಹಿಂದೆ 148, ಆಮೇಲೆ ಮುಂದೆಯೂ 100ರ ಬದಲು 110. ಈ ಸಲ ನಿಜವಾಗಿಯೂ ಮೈ ಬದಲಾಯಿತು. ಕಡ್ಡಿ ಸಿಕ್ಕಿಸುವ ಅಂಚು, ಬ್ರೇಕಿನ ಡಿಸ್ಕ್, ಕ್ಯಾಸೆಟ್ (ಹಿಂದಿನ ಗೇರಿನ ಹಲ್ಲುಚಕ್ರಗಳ ಗುಚ್ಛ) ಎಲ್ಲವೂ ಹಿಂದಿನ ಚಕ್ರದಲ್ಲಿ 3 ಎಂಎಂ ಹೊರಗೆ ಹೋದವು. ಕ್ಯಾಸೆಟ್ ಹೊರಗೆ ಹೋದ ಮೇಲೆ ಪೆಡಲ್ ಹತ್ತಿರದ ಹಲ್ಲುಚಕ್ರ, ಅಂದರೆ ಚೈನ್‌ರಿಂಗೂ 3 ಎಂಎಂ ಹೊರಗೆ ಬರಬೇಕಲ್ಲ, ಹಾಗೆ ಚೈನ್‌ಲೈನ್ (ಫ್ರೇಮಿನ ಮಧ್ಯದಿಂದ ಚೈನ್‌ರಿಂಗಿಗೆ ಇರುವ ದೂರ) 49ರಿಂದ 52 ಎಂಎಂಗೆ ಹೋಯಿತು. 29 ಇಂಚಿನ ದೊಡ್ಡ ಚಕ್ರದಲ್ಲಿ ಕಡ್ಡಿಗಳು ಉದ್ದ, ಅವು ಹೆಚ್ಚು ಅಗಲವಾಗಿ ನಿಂತರೆ ಚಕ್ರ ಗಟ್ಟಿ, ಅಗಲ ಟೈರಿಗೂ ಜಾಗ. ಕಾರಣ ಸರಿಯಾಗಿಯೇ ಇದೆ. ಇದನ್ನೆಲ್ಲ ಸ್ಟ್ಯಾಂಡರ್ಡ್ ಅಂತ ಕರೆಯುತ್ತಾರಲ್ಲ, ಅದಕ್ಕೆ ಮಾತ್ರ ನಗು ಬರುತ್ತದೆ.

ಏರಿಯಾದ ಸೈಕಲ್ ಅಂಗಡಿಯಲ್ಲಿ ಕೇಳಿದೆ. "ಎರಡು ವಾಷರ್ ಹಾಕಿ ಟೈಟ್ ಮಾಡಿ ಸಾರ್" ಅಂದರು. ಇನ್ನೊಬ್ಬರು "ಆಕ್ಸಲ್ ಟೈಟ್ ಮಾಡಿದ್ರೆ ಫ್ರೇಮೇ ಒಳಗೆ ಬರುತ್ತೆ ಬಿಡಿ" ಅಂದರು. ಎರಡೂ ಬೇಡ. ಅಲ್ಯೂಮಿನಿಯಂ ಫ್ರೇಮನ್ನು ಎಳೆದು ತಂದು ಜೋಡಿಸಿದರೆ ಮತ್ತೆ ಅದೇ ವೆಲ್ಡಿಂಗ್ ಕಥೆ. ಅದೂ ಅಲ್ಲದೆ ಬ್ರೇಕಿನ ಕ್ಯಾಲಿಪರ್ ಇರೋದು ಫ್ರೇಮಿನ ಮೇಲೆ, ಡಿಸ್ಕ್ ಇರೋದು ಚಕ್ರದ ಮೇಲೆ. ಡಿಸ್ಕ್ 3 ಎಂಎಂ ಒಳಗಿದ್ದರೆ ಎಷ್ಟು ಟೈಟ್ ಮಾಡಿದರೂ ಬ್ರೇಕ್ ಸರಿಯಾಗಿ ಕೂರೋದಿಲ್ಲ. ದೊಡ್ಡ ಅಂಗಡಿಗೆ ಹೋದರೆ ಹೊಸ ಬೂಸ್ಟ್ ವೀಲ್‌ಸೆಟ್ಟಿಗೆ 32,000 ಹೇಳಿದರು. ಹಬ್ ಮಾತ್ರ ಬದಲಿಸೋಣ ಅಂದರೆ ಹೊಸ ಹಬ್ಬು, 64 ಹೊಸ ಕಡ್ಡಿ, ಮತ್ತೆ ಪೂರ್ತಿ ನೇಯುವ ಕೂಲಿ. ಅದಕ್ಕಿಂತ ಹೊಸ ಚಕ್ರವೇ ವಾಸಿ.

ಹಾಗಾಗಿ ಆನ್‌ಲೈನಿನಲ್ಲಿ ಮೊದಲನೇ ಕಿಟ್ ತರಿಸಿದೆ. ಯಾವ ಬ್ರಾಂಡು ಅಂತ ಬರೆಯೋದಿಲ್ಲ, ಬರೆದರೂ ಪ್ರಯೋಜನವಿಲ್ಲ, ಇದೇ ಮಾಲು ಹತ್ತು ಹೆಸರಿನಲ್ಲಿ ಬರುತ್ತದೆ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಮುಂದಿನ ಚಕ್ರಕ್ಕೆ ತಲಾ 5 ಎಂಎಂ ಉದ್ದದ ಎರಡು ಸ್ಪೇಸರ್ (ಗ್ಯಾಪು ತುಂಬುವ ಬಿಲ್ಲೆ), ಹಿಂದಿನದಕ್ಕೆ ತಲಾ 3 ಎಂಎಂ ಎರಡು, ಡಿಸ್ಕಿನ ಕೆಳಗೆ ಕೂರುವ ಎರಡು ಬಳೆ, 12 ಉದ್ದ ಬೋಲ್ಟು. ಕೆಂಪು ಬಣ್ಣ, ನೋಡಲು ಚೆಂದ. ಲೆಕ್ಕ ಸುಲಭ. ಎರಡೂ ಕಡೆ ಸಮ ಸಮ ಹಾಕಿದರೆ ಚಕ್ರ ಫ್ರೇಮಿನ ಮಧ್ಯದಲ್ಲೇ ನಿಲ್ಲುತ್ತದೆ, ಕಡ್ಡಿ ಮುಟ್ಟಬೇಕಾಗಿಲ್ಲ. ಡಿಸ್ಕನ್ನು ಬಳೆ ಹೊರಗೆ ತಳ್ಳುತ್ತದೆ. ಅರ್ಧ ಗಂಟೆ ಕೆಲಸ.

ಡಿಸ್ಕ್ ಹಾಕುವಾಗ ಒಂದು ಮಾತು. ಬಳೆ, ಡಿಸ್ಕ್, ಹಬ್ ಮೂರರ ತೂತುಗಳನ್ನು ಒಟ್ಟಿಗೆ ಹೊಂದಿಸಲು ಎರಡು ಕೈ ಸಾಲದು. ಬಳೆ ಜಾರುತ್ತಲೇ ಇರುತ್ತದೆ. ಗ್ರೀಸ್ ಹಚ್ಚಿ ಅಂಟಿಸೋಣ ಅನ್ನಿಸುತ್ತದೆ, ಖಂಡಿತ ಬೇಡ, ಡಿಸ್ಕಿಗೆ ಗ್ರೀಸ್ ತಾಗಿದರೆ ಪ್ಯಾಡ್ ಕೆಟ್ಟ ಹಾಗೆ. ನಾನು ಮಾಡಿದ್ದು ಇಷ್ಟು: ಚಕ್ರ ನೆಲದ ಮೇಲೆ ಮಲಗಿಸಿ, ಡಿಸ್ಕಿನ ಎದುರು ಬದುರು ತೂತಿಗೆ ಎರಡು ಬೋಲ್ಟ್ ತೂರಿಸಿ, ಅದೇ ಬೋಲ್ಟಿಗೆ ಕೆಳಗಿನಿಂದ ಬಳೆ ಸಿಕ್ಕಿಸಿ, ಮೂರನ್ನೂ ಬೆರಳಲ್ಲಿ ಒತ್ತಿ ಹಿಡಿದು ಹಬ್ ಮೇಲೆ ಇಳಿಸಿದೆ. ಎರಡು ಬೋಲ್ಟ್ ಎರಡು ಸುತ್ತು ಹತ್ತಿದ ಮೇಲೆ ಉಳಿದ ನಾಲ್ಕು ತಾವೇ ಕೂರುತ್ತವೆ. ಆಮೇಲೆ ನಕ್ಷತ್ರ ಬಿಡಿಸಿದ ಹಾಗೆ ಎದುರು ಬದುರು ಟೈಟ್ ಮಾಡುತ್ತ ಹೋಗಬೇಕು, ಒಂದನ್ನೇ ಪೂರ್ತಿ ಮಾಡಬಾರದು. ಹಳೇ ಬೋಲ್ಟ್ ಮಾತ್ರ ಹಾಕಲೇಬೇಡಿ. ಅದರ ಉದ್ದ 10 ಎಂಎಂ. ಡಿಸ್ಕಿನ ದಪ್ಪ 1.8 ಹೋಗಿ ಹಬ್ಬಿನೊಳಗೆ 8 ಎಂಎಂ ಹಿಡಿಯುತ್ತಿತ್ತು. ನಡುವೆ 3 ಎಂಎಂ ಬಳೆ ಬಂದರೆ 5 ಎಂಎಂ ಮಾತ್ರ ಹಿಡಿಯುತ್ತದೆ, ಬಳೆ 6 ಎಂಎಂ ಇದ್ದರೆ ಎರಡೇ ಎಂಎಂ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ನಿಮ್ಮ ಇಡೀ ಭಾರ ಆ ಆರು ಬೋಲ್ಟಿನ ಮೇಲೆ. ಬೋಲ್ಟ್ ಉಳಿಸಿ ಏನು ಮಾಡುತ್ತೀರಿ?

ಮುಂದಿನ ಚಕ್ರ ಫಸ್ಟ್ ಕ್ಲಾಸ್. ಹಾಕಿದ ದಿನದಿಂದ ಇವತ್ತಿನವರೆಗೆ ಒಂದು ಕಂಪ್ಲೇಂಟ್ ಇಲ್ಲ. ಮುಂದೆ ಗೇರಿಲ್ಲ, ಚೈನಿಲ್ಲ, ಡಿಸ್ಕ್ ಸರಿಯಾದ ಜಾಗಕ್ಕೆ ಬಂದರೆ ಮುಗಿಯಿತು. ಬೂಸ್ಟ್ ಹಬ್ಬಿನ ಗಟ್ಟಿತನ ಇದರಿಂದ ಬರೋದಿಲ್ಲ, ಕಡ್ಡಿಯ ಅಂಚುಗಳು ಹಳೇ ಜಾಗದಲ್ಲೇ ಇವೆಯಲ್ಲ. ಆದರೆ ಹಳೇ ಫೋರ್ಕಿನಲ್ಲಿ ಎಷ್ಟು ಗಟ್ಟಿಯಿತ್ತೋ ಅಷ್ಟು ಈಗಲೂ ಇದೆ, 72 ಕೆಜಿ ಆಸಾಮಿ ನಾನು, ನನಗೆ ಸಾಕು.

ಹಿಂದಿನದು ಕೈಕೊಟ್ಟಿತು. ಅಲ್ಲಿ ನಾನು ಮಾಡಿದ ತಪ್ಪು ಅಂದರೆ ಕ್ಯಾಸೆಟ್ ಬಗ್ಗೆ ಯೋಚಿಸದೇ ಇದ್ದದ್ದು. ಎರಡೂ ಕಡೆ 3 ಎಂಎಂ ಹಾಕಿದಾಗ ಚಕ್ರ ಮಧ್ಯದಲ್ಲಿದೆ, ಡಿಸ್ಕನ್ನು ಬಳೆ ಹೊರಗೆ ತಳ್ಳಿದೆ, ಸರಿ. ಕ್ಯಾಸೆಟ್ಟನ್ನು ಯಾರು ಹೊರಗೆ ತಳ್ಳುತ್ತಾರೆ? ಯಾರೂ ಇಲ್ಲ. ಅದು ಇರಬೇಕಾದ ಜಾಗಕ್ಕಿಂತ 3 ಎಂಎಂ ಒಳಗೇ ಉಳಿಯಿತು. ಮುಂದಿನ ಚೈನ್‌ರಿಂಗ್ ಮಾತ್ರ ಬೂಸ್ಟ್ ಲೆಕ್ಕದಲ್ಲಿ ಹೊರಗಿದೆ. ಚಿಕ್ಕ ಹಲ್ಲುಗಳಲ್ಲಿ ಓಡುವಾಗ ಏನೂ ಗೊತ್ತಾಗಲಿಲ್ಲ. ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೇಲರಿನ ಎಚ್, ಎಲ್ ಸ್ಕ್ರೂ ಎರಡನ್ನೂ ತಿರುಗಿಸಿ ಹೊಂದಿಸಿದ್ದೆ, ಗೇರೂ ಚೆನ್ನಾಗಿ ಬೀಳುತ್ತಿತ್ತು. ದಿಬ್ಬ ಬಂದು 51 ಹಲ್ಲಿನ ದೊಡ್ಡ ಗೇರಿಗೆ ಹಾಕಿದ ತಕ್ಷಣ ಚೈನು ಅಡ್ಡ ಎಳೆದುಕೊಂಡು ಕರಕರ ಅನ್ನುತ್ತಿತ್ತು. ಪೆಡಲ್ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರೆ ಟಕ್ ಅಂತ ಪಕ್ಕದ ಹಲ್ಲಿಗೆ ಇಳಿಯುತ್ತಿತ್ತು. ಕಲ್ಲಿನ ದಿಬ್ಬದಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸದೆ ಯಾರು ಹತ್ತುತ್ತಾರೆ ಹೇಳಿ.

ಚೈನ್‌ರಿಂಗ್ ಬದಲಿಸಿ ಅದನ್ನೂ 3 ಎಂಎಂ ಒಳಗೆ ತರಬಹುದು. ಹಳೇ ಲೆಕ್ಕದ, 6 ಎಂಎಂ ಆಫ್‌ಸೆಟ್ ಇರುವ, ಅಂದರೆ ಅಷ್ಟು ಒಳಕ್ಕೆ ಸರಿದಿರುವ ರಿಂಗ್ ಸಿಗುತ್ತದೆ, ಬೂಸ್ಟಿನದು 3 ಇರುತ್ತದೆ. ಕೆಲವು ಫ್ರೇಮಿಗೆ ಅದೇ ಸುಲಭದ ದಾರಿ. ನನ್ನ ಫ್ರೇಮಿನಲ್ಲಿ ರಿಂಗಿಗೂ ಚೈನ್‌ಸ್ಟೇಗೂ (ಹಿಂದಿನ ಚಕ್ರದ ಕಡೆ ಹೋಗುವ ಫ್ರೇಮಿನ ಪೈಪು) ನಡುವೆ ಇರೋದೇ 5 ಎಂಎಂ. ಅದರಲ್ಲಿ 3 ಹೋದರೆ ಉಳಿದದ್ದಕ್ಕೆ ಒಂದು ಒಣಗಿದ ಎಲೆ ಸಿಕ್ಕಿಕೊಂಡರೂ ಬಣ್ಣ ಕೀಳುತ್ತದೆ. ಬಿಟ್ಟೆ.

ಇನ್ನೊಂದು ತೊಂದರೆ ಕಿಟ್ಟಿನದೇ. ಹಿಂದಿನ ಸ್ಪೇಸರುಗಳು ಎಂಡ್ ಕ್ಯಾಪ್ ಮೇಲೆ ಸುಮ್ನೆ ಕೂರುತ್ತವೆ, ಹಿಡಿದಿಡಲು ಒಳಗೆ ರಬ್ಬರ್ ರಿಂಗ್ ಇಲ್ಲ. ಆಕ್ಸಲ್ ಹಾಕಿರುವವರೆಗೆ ಎಲ್ಲಿಗೂ ಹೋಗೋದಿಲ್ಲ. ಹಾರೋಹಳ್ಳಿ ಕಡೆ ಒಂದು ನೀಲಗಿರಿ ತೋಪಿನ ಹತ್ತಿರ ಮುಳ್ಳು ಚುಚ್ಚಿತು. ಟ್ಯೂಬ್‌ಲೆಸ್ ಟೈರಿನ ತೂತಿಗೆ ಪ್ಲಗ್ ಹಾಕಿದರೂ ಗಾಳಿ ನಿಲ್ಲಲಿಲ್ಲ, ಟ್ಯೂಬ್ ಹಾಕೋಣ ಅಂತ ಚಕ್ರ ಬಿಚ್ಚಿದೆ. ಟ್ಯೂಬ್ ಹಾಕಿ ಚಕ್ರ ಕೂರಿಸಲು ಹೋದರೆ ಒಂದು ಕಡೆ ಸ್ಪೇಸರ್ ಇಲ್ಲ! ಮೊಣಕಾಲೂರಿ ಒಣ ಎಲೆಯ ರಾಶಿಯಲ್ಲಿ ಹುಡುಕಿದೆ. ಜೊತೆಗಿದ್ದ ಗೆಳೆಯನೂ ಹುಡುಕಿದ. ದನ ಮೇಯಿಸುತ್ತಿದ್ದ ಅಜ್ಜ ಬಂದು "ಏನ್ ಕಳ್ಕೊಂಡ್ರಪ್ಪ, ಉಂಗ್ರಾನಾ?" ಅಂತ ಕೇಳಿದರು. ಹೌದು ಅಜ್ಜ, ಹಾಗೇ ಅನ್ನಿ ಅಂದೆ. ಅವರೂ ಕೋಲಿನಲ್ಲಿ ಎಲೆ ಸರಿಸಿದರು. ಸಿಕ್ಕಿದ್ದು ಅವರಿಗೇ. ಕೆಂಪು ಬಣ್ಣಕ್ಕೆ ಆವತ್ತು ಒಂದು ಅರ್ಥ ಬಂತು.

ಮನೆಗೆ ಬಂದು ಕೂತು ಲೆಕ್ಕ ಹಾಕಿದೆ. ಕ್ಯಾಸೆಟ್ ಹೊರಗೆ ಹೋಗಬೇಕು ಅಂದರೆ ಇಡೀ ಹಬ್ಬೇ ಚೈನ್ ಕಡೆಗೆ 3 ಎಂಎಂ ಸರಿಯಬೇಕು. ಅಂದರೆ ಚೈನ್ ಕಡೆ ಹಳೇ ಎಂಡ್ ಕ್ಯಾಪೇ ಇರಲಿ, ಪೂರ್ತಿ 6 ಎಂಎಂ ಡಿಸ್ಕ್ ಕಡೆಗೇ ಹಾಕಬೇಕು. ಆಗ ಕ್ಯಾಸೆಟ್ ಸರಿಯಾದ ಜಾಗಕ್ಕೆ ಬರುತ್ತದೆ. ಡಿಸ್ಕಿನ ಕೆಳಗೆ 3ರ ಬದಲು 6 ಎಂಎಂ ಬಳೆ ಬೇಕಾಗುತ್ತದೆ. ಮತ್ತೆ ರಿಮ್ ಮಧ್ಯ ತಪ್ಪುತ್ತದೆ, ಅದನ್ನು ಕಡ್ಡಿ ಎಳೆದು 3 ಎಂಎಂ ಡಿಸ್ಕ್ ಕಡೆಗೆ ತರಬೇಕು. ಇದಕ್ಕೆ ಡಿಶ್ ಸರಿ ಮಾಡೋದು ಅನ್ನುತ್ತಾರೆ. ಹೀಗೆ ಕೆಲಸ ಮಾಡುವ ಕಿಟ್ಟುಗಳೂ ಇವೆ, ಬೆಲೆ ಜಾಸ್ತಿ. ಒಂದೊಂದು ಹಬ್ಬಿಗೂ ಬೇರೆ ಬೇರೆ. ನನ್ನದಕ್ಕೆ ಹೊಂದುವುದನ್ನು ಅಮೆರಿಕದಿಂದ ರಜಕ್ಕೆ ಬಂದ ಭಾವಮೈದುನ ತಂದುಕೊಟ್ಟ, ಉಪ್ಪಿನಕಾಯಿ ಬಾಟಲಿಗೆ ಬದಲಿಯಾಗಿ.

ಎರಡನೇ ಕಿಟ್ ಕೈಗೆ ತಗೊಂಡಾಗಲೇ ವ್ಯತ್ಯಾಸ ತಿಳಿಯಿತು. ಇದು ಸ್ಪೇಸರ್ ಅಲ್ಲ, ಪೂರ್ತಿ ಎಂಡ್ ಕ್ಯಾಪ್. ಹಳೆಯದನ್ನು ಎಳೆದು ತೆಗೆದು ಇದನ್ನು ಒತ್ತಿ ಕೂರಿಸಬೇಕು. ಈ ಹಬ್ಬಿನ ಒಳ್ಳೆ ಗುಣ ಇದು, ಎಂಡ್ ಕ್ಯಾಪ್ ಕೈಯಲ್ಲಿ ಎಳೆದರೆ ಬರುತ್ತದೆ, ಟೂಲೇ ಬೇಡ. ಹತ್ತು ವರ್ಷದ ಮಣ್ಣು ತುಂಬಿದ್ದರೆ ಸ್ವಲ್ಪ ಒದ್ದಾಡಿಸುತ್ತದೆ, ನಾನು ಹಳೇ ಟ್ಯೂಬಿನ ತುಂಡು ಸುತ್ತಿ ಹಿಡಿದು ತಿರುಗಿಸಿ ಎಳೆದೆ. ಡಿಸ್ಕಿನ ಬಳೆಯ ಒಳಗಡೆ ಒಂದು ಸಣ್ಣ ಅಂಚು ಬಿಟ್ಟಿದ್ದಾರೆ, ಅದು ಹಬ್ಬಿನ ಮೇಲೆ ಕೂತರೆ ಬಳೆ ಆಚೀಚೆ ಅಲ್ಲಾಡೋದಿಲ್ಲ, ಡಿಸ್ಕ್ ತಾನೇ ನಡುವಿಗೆ ಬರುತ್ತದೆ. ಮೊದಲನೇ ಕಿಟ್ಟಿನಲ್ಲಿ ಪಟ್ಟ ಪಾಡು ಇಲ್ಲಿಲ್ಲ. ಬೋಲ್ಟುಗಳೂ 16 ಎಂಎಂ, ಧಾರಾಳವಾಗಿ ಹಿಡಿಯುತ್ತವೆ.

ಡಿಶ್ ಕೆಲಸಕ್ಕೆ ಮಲ್ಲೇಶ್ವರದ ಒಂದು ಸಣ್ಣ ಅಂಗಡಿಗೆ ಹೋದೆ. ಬೋರ್ಡ್ ಕೂಡ ಮಾಸಿಹೋಗಿದೆ. ಅಲ್ಲಿರುವ ಅಣ್ಣ ಬೆಂಡ್ ತೆಗೆಯುವುದರಲ್ಲಿ ಪಳಗಿದವರು, ಆದರೆ ಬೂಸ್ಟ್ ಅನ್ನೋ ಪದ ಅವರಿಗೆ ಹಾಲಿಗೆ ಹಾಕೋ ಪುಡಿ ಮಾತ್ರ. ಪರವಾಗಿಲ್ಲ. "ಅಣ್ಣ, ರಿಮ್ಮು 3 ಎಂಎಂ ಡಿಸ್ಕ್ ಕಡೆ ಬರಬೇಕು" ಅಂದೆ. ಯಾಕೆ ಅಂತ ಕೇಳಲಿಲ್ಲ. ಚಕ್ರ ಸ್ಟ್ಯಾಂಡಿಗೆ ಹಾಕಿದರು, ರಿಮ್ಮಿನ ಎರಡೂ ಪಕ್ಕ ನೋಡಿದರು, ತಿರುಗಿಸಿ ಹಾಕಿ ಮತ್ತೆ ನೋಡಿದರು. ಡಿಶ್ ಗೇಜ್ ಅವರ ಹತ್ತಿರ ಇಲ್ಲ. ಅವರ ಲೆಕ್ಕ ಹೀಗೆ: ಚಕ್ರ ಒಂದು ಸಲ ನೇರ, ಒಂದು ಸಲ ಉಲ್ಟಾ ಹಾಕಿದಾಗ ರಿಮ್ ಎರಡು ಸಲವೂ ಒಂದೇ ಜಾಗದಲ್ಲಿ ನಿಂತರೆ ಮಧ್ಯದಲ್ಲಿದೆ. 1 ಎಂಎಂ ತಪ್ಪಿದ್ದರೆ ಉಲ್ಟಾ ಹಾಕಿದಾಗ 2 ಎಂಎಂ ಆಗಿ ಕಾಣುತ್ತದೆ, ಹಾಗಾಗಿ ಕಣ್ಣಿಗೆ ಸುಲಭ. ಗೇಜಿಗಿಂತ ಇದೇ ವಾಸಿ ಅನ್ನಿಸಿತು ನನಗೆ.

ಆಮೇಲೆ ಕಡ್ಡಿಗಳನ್ನು ಒಂದೊಂದಾಗಿ ಉಗುರಿನಲ್ಲಿ ಮೀಟಿದರು. ಚೈನ್ ಕಡೆಯವು ಟಿಣ್ ಟಿಣ್, ಡಿಸ್ಕ್ ಕಡೆಯವು ಡುಂ ಡುಂ. "ನೋಡಿ ಸಾರ್, ತಂಬೂರಿ ಒಂದು ಕಡೆ ಶ್ರುತಿಯಲ್ಲಿದೆ, ಒಂದು ಕಡೆ ಸಡಿಲ." ಹಿಂದಿನ ಚಕ್ರದಲ್ಲಿ ಇದು ಮಾಮೂಲು. ಕ್ಯಾಸೆಟ್ಟಿಗೆ ಜಾಗ ಬಿಡಬೇಕಾದ್ದರಿಂದ ಆ ಕಡೆ ಕಡ್ಡಿಗಳು ನೆಟ್ಟಗೆ ನಿಲ್ಲುತ್ತವೆ, ಎಳೆತ ಜಾಸ್ತಿ. ಮೊದಲು ಚೈನ್ ಕಡೆಯ ಹದಿನಾರು ನಿಪ್ಪಲ್ (ಕಡ್ಡಿ ಬಿಗಿ ಮಾಡುವ ನಟ್ಟು) ಕಾಲು ಸುತ್ತು ಸಡಿಲ ಮಾಡಿದರು, ಆಮೇಲೆ ಡಿಸ್ಕ್ ಕಡೆಯ ಹದಿನಾರು ಕಾಲು ಸುತ್ತು ಟೈಟ್. ಮತ್ತೆ ಅದೇ. ಮತ್ತೆ ಅದೇ. ಕಡ್ಡಿ ಉದ್ದ ಸಾಲದೇ ಹೋದರೆ ಅಂತ ನನಗೆ ಭಯವಿತ್ತು, ಸುಮ್ನೆ ಭಯ. ರಿಮ್ 3 ಎಂಎಂ ಸರಿದರೂ ಕಡ್ಡಿಯ ಉದ್ದದಲ್ಲಿ ಬರುವ ವ್ಯತ್ಯಾಸ ಅರ್ಧ ಎಂಎಂಗಿಂತ ಕಡಿಮೆ. ನಿಪ್ಪಲ್ ಒಂದು ಪೂರ್ತಿ ಸುತ್ತು ತಿರುಗಿದರೆ ಸುಮಾರು 0.45 ಎಂಎಂ, ಹಾಗಾಗಿ ಎಲ್ಲ ಸೇರಿ ಒಂದು ಸುತ್ತಿನ ಒಳಗೇ ಕೆಲಸ ಮುಗಿಯಿತು. ಹಳೇ ಕಡ್ಡಿ, ಹಳೇ ನಿಪ್ಪಲ್ಲು, ಎಲ್ಲ ಹಾಗೇ.

ಒಂದೂವರೆ ಗಂಟೆ ಆದ ಮೇಲೆ ಮತ್ತೆ ಮೀಟಿ ತೋರಿಸಿದರು. ಎರಡೂ ಕಡೆಯ ಸದ್ದು ಹೆಚ್ಚು ಕಡಿಮೆ ಹತ್ತಿರ ಬಂದಿತ್ತು. ನಾನು ಲೆಕ್ಕದಲ್ಲಿ ಓದಿದ್ದನ್ನು ಅವರು ಕಿವಿಯಲ್ಲಿ ತೋರಿಸಿದರು ನೋಡಿ. ಹಬ್ ಚೈನ್ ಕಡೆಗೆ ಸರಿದಿದ್ದರಿಂದ ಆ ಕಡೆಯ ಕಡ್ಡಿಗಳಿಗೆ ಸ್ವಲ್ಪ ಇಳಿಜಾರು ಸಿಕ್ಕಿತು, ಎರಡೂ ಕಡೆ ಎಳೆತ ಹತ್ತಿರ ಹತ್ತಿರ ಆಯಿತು. ಅಂದರೆ ಚಕ್ರ ಹಳೇ ಫ್ರೇಮಿನಲ್ಲಿ ಇದ್ದದ್ದಕ್ಕಿಂತ ಈಗ ಚೆನ್ನಾಗಿದೆ. 3 ಪ್ಲಸ್ 3 ಕಿಟ್ಟಿನಲ್ಲಿ ಈ ಲಾಭ ಇಲ್ಲ. ಕೂಲಿ 700 ರೂಪಾಯಿ. ನೂರು ಕಿಲೋಮೀಟರ್ ಓಡಿಸಿ ತನ್ನಿ, ಇನ್ನೊಂದು ಸಲ ನೋಡುತ್ತೇನೆ ಅಂದರು. ಹೋದೆ, ನೋಡಿದರು, ದುಡ್ಡು ತಗೊಳ್ಳಲಿಲ್ಲ.

ನಾಲ್ಕು ತಿಂಗಳಾಯಿತು. 51ರ ಗೇರಿನಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸಿದರೂ ಚೈನು ಕೂತ ಜಾಗದಲ್ಲೇ ಇರುತ್ತದೆ. ಮಳೆಯಲ್ಲಿ ಎರಡು ವಾರ ಓಡಿಸಿದ ಮೇಲೆ ಹಿಂದೆ ಕಿರ್ ಕಿರ್ ಅಂತ ಸದ್ದು ಬಂತು, ಬೇರಿಂಗ್ ಹೋಯಿತೇನೋ ಅಂತ ಹೆದರಿದ್ದೆ. ಹೊಸ ಎಂಡ್ ಕ್ಯಾಪ್ ಒಣಗಿ ಕೂತಿತ್ತು ಅಷ್ಟೇ. ತೆಗೆದು ಒರೆಸಿ ತೆಳ್ಳಗೆ ಗ್ರೀಸ್ ಹಚ್ಚಿದೆ, ನಿಂತಿತು. ಕಿಟ್ ಜೊತೆ ಬಂದ ಚೀಟಿಯಲ್ಲಿ ಈ ಮಾತು ಇರಬೇಕಿತ್ತು. ಆ ಬೆಲೆಗೆ ಒಂದು ಸಾಲು ಬರೆಯಬಹುದಿತ್ತಲ್ವಾ.

ಹೊಸ ಕ್ಯಾಸೆಟ್ ಹಿಡಿಯುತ್ತದಾ ಅಂತ ಗೆಳೆಯರು ಕೇಳುತ್ತಿರುತ್ತಾರೆ. ಹಳೇ ಶಿಮಾನೋ ಎಚ್‌ಜಿ ಫ್ರೀಹಬ್ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) ಇದ್ದರೆ ಡಿಯೋರ್ ಎಂ5100 ಅನ್ನೋ 11 ಸ್ಪೀಡ್, 11ರಿಂದ 51ರ ಕ್ಯಾಸೆಟ್ ನೇರವಾಗಿ ಕೂರುತ್ತದೆ, ನನ್ನದೂ ಅದೇ. 12 ಸ್ಪೀಡ್ ಡಿಯೋರ್ ಬೇಕು ಅಂದರೆ ಮೈಕ್ರೋ ಸ್ಪ್ಲೈನ್ ಫ್ರೀಹಬ್ ಬೇಕು, ಖರ್ಚು ಮತ್ತೆ ಶುರು.

ಎಲ್ಲರ ಚಕ್ರಕ್ಕೂ ಇದು ಆಗೋದಿಲ್ಲ. ಆಫೀಸಿನ ಹುಡುಗ ಒಬ್ಬ ತನ್ನ ಹಳೇ 135 ಕ್ವಿಕ್ ರಿಲೀಸ್ ಚಕ್ರ ತಂದಿದ್ದ, ಶಿಮಾನೋದ ಕಪ್ ಆಂಡ್ ಕೋನ್ (ಬಿಡಿ ಗುಂಡಿನ ಬೇರಿಂಗ್ ಇರುವ) ಹಬ್ಬು. ಒಳ್ಳೆ ಹಬ್ಬೇ, ಇನ್ನೂ ಇಪ್ಪತ್ತು ವರ್ಷ ಓಡುತ್ತದೆ. ಆದರೆ ಅದರ ಒಳಗೆ 12 ಎಂಎಂ ಆಕ್ಸಲ್ ತೂರಲು ಜಾಗವೇ ಇಲ್ಲ, ಬದಲಿಸಲು ಎಂಡ್ ಕ್ಯಾಪೂ ಇಲ್ಲ. ಯಾವ ಕಿಟ್ಟೂ ಅದಕ್ಕೆ ಆಗೋದಿಲ್ಲ, ಮಾರಿಬಿಡು ಅಂದೆ. 26 ಇಂಚಿನ ಚಕ್ರ ಹೊಸ 29ರ ಫ್ರೇಮಿಗೆ ಹಾಕುವ ಆಸೆಯೂ ಬೇಡ. ರಿಮ್ಮಿನ ವ್ಯಾಸ 559, ಇದರದು 622, ಸೈಕಲ್ಲು ಮೂರು ಸೆಂಟಿಮೀಟರ್ ಕೆಳಗೆ ಕೂತು ಪೆಡಲ್ ಕಲ್ಲಿಗೆ ಹೊಡೆಯುತ್ತದೆ. ರಿಮ್ಮಿನ ಅಗಲವೂ ನೋಡಿಕೊಳ್ಳಿ. ನನ್ನದು ಒಳಗೆ 21 ಎಂಎಂ, 2.25 ಇಂಚಿನ ಟೈರಿಗೆ ಸರಿ. ಹೊಸ ಫ್ರೇಮಿನಲ್ಲಿ ಜಾಗ ಇದೆ ಅಂತ 2.5 ಹಾಕಿದರೆ ತಿರುವಿನಲ್ಲಿ ಟೈರು ಹೊರಳುತ್ತದೆ, ಒಂದು ದಿನ ಹಾಕಿ ನೋಡಿ ತೆಗೆದೆ.

ಮಾರ್ಕ್ಸ್ ಕೊಡಲೇಬೇಕು ಅಂದರೆ ಅಗ್ಗದ ಕಿಟ್ಟಿನ ಮುಂದಿನ ಭಾಗಕ್ಕೆ ಐದಕ್ಕೆ ನಾಲ್ಕು, ಹಿಂದಿನದಕ್ಕೆ ಒಂದೂವರೆ. ಆ ಒಂದೂವರೆಯಲ್ಲಿ ಒಂದು ಬಣ್ಣಕ್ಕೆ. ದುಬಾರಿ ಕಿಟ್ಟಿಗೆ ನಾಲ್ಕೂವರೆ. ಮಲ್ಲೇಶ್ವರದ ಅಣ್ಣನಿಗೆ ಐದಕ್ಕೆ ಐದು, ಆದರೆ ಅವರಲ್ಲಿಗೆ ಹೋಗುವಾಗ ಟ್ಯೂಬ್‌ಲೆಸ್ ಟೈರು ಮನೆಯಲ್ಲೇ ಬಿಚ್ಚಿಕೊಂಡು ಹೋಗಿ. ನಾನು ಹಾಗೇ ತಗೊಂಡು ಹೋಗಿದ್ದೆ. ಟೈರು ಎಳೆದ ತಕ್ಷಣ ಒಳಗಿದ್ದ ಸೀಲೆಂಟ್ (ತೂತು ಮುಚ್ಚುವ, ಹಾಲಿನಂಥ ಬಿಳಿ ದ್ರವ) ಪೂರ್ತಿ ಅವರ ಬೆಂಚಿನ ಮೇಲೆ, ಲುಂಗಿಯ ಮೇಲೆ, ಪಕ್ಕದಲ್ಲಿಟ್ಟಿದ್ದ ಟೀ ಲೋಟದೊಳಗೆ ಚೆಲ್ಲಿತು. ಈಗ ನಾನು ಅಂಗಡಿ ಮುಂದೆ ಹಾದುಹೋದರೂ ಸಾಕು, ಒಳಗಿನಿಂದ ಕೂಗುತ್ತಾರೆ: "ಸಾರ್, ಇವತ್ತು ಎಷ್ಟು ಲೀಟರ್ ಹಾಲು?"